ಆಟೋಮ್ಯಾಟಿಕ್ ಗಾಡಿಯಲ್ಲಿ ಮ್ಯಾನುವಲ್ ಮೋಡ್: ನಿಜಕ್ಕೂ ಯಾರಾದರೂ ಬಳಸುತ್ತೀರಾ?

ಕುವೆಂಪುನಗರ_ಕಾರು (ಮೈಸೂರು)

ಎಲ್ಲರಿಗೂ ನಮಸ್ಕಾರ. ಮನೆಗೆ ಮೊದಲ ಆಟೋಮ್ಯಾಟಿಕ್ ಗಾಡಿ ತೆಗೆದುಕೊಳ್ಳುತ್ತಿದ್ದೇವೆ. ಯಾವ ಗಾಡಿ ಎನ್ನುವುದು ಹೆಚ್ಚುಕಡಿಮೆ ತೀರ್ಮಾನ ಆಗಿದೆ. ತಲೆನೋವು ಇರೋದು ವೇರಿಯಂಟ್ ವಿಷಯದಲ್ಲಿ. ಮಧ್ಯದ ವೇರಿಯಂಟ್‌ನಲ್ಲಿ ಗೇರ್ ಲಿವರನ್ನು ಪಕ್ಕಕ್ಕೆ ತಳ್ಳಿದರೆ ಗೇರ್ ನಾವೇ ಬದಲಿಸುವ ಮ್ಯಾನುವಲ್ ಮೋಡ್ ಬರುತ್ತದೆ. ಟಾಪ್ ವೇರಿಯಂಟ್‌ನಲ್ಲಿ ಅದರ ಜೊತೆಗೆ ಸ್ಟೇರಿಂಗ್ ಹಿಂದೆ ಬೆರಳಿನಿಂದ ಗೇರ್ ಬದಲಿಸುವ ಪ್ಯಾಡಲ್ ಶಿಫ್ಟರ್ ಕೂಡ ಇದೆ. ಶೋರೂಮ್ ಹುಡುಗ ಪ್ಯಾಡಲ್ ಬಗ್ಗೆ ಹೇಳಿದ್ದೇ ಹೇಳಿದ್ದು. ಆದರೆ "ಇದನ್ನು ಯಾವಾಗ ಬಳಸಬೇಕಪ್ಪಾ" ಎಂದು ಕೇಳಿದರೆ "ಸ್ಪೋರ್ಟಿ ಫೀಲ್ ಬರುತ್ತೆ ಸರ್" ಅನ್ನೋದು ಬಿಟ್ಟು ಬೇರೆ ಉತ್ತರ ಇಲ್ಲ.

ಓಡಿಸುವವರು ನಾನು, ನನ್ನ ಹೆಂಡತಿ, ಅಪರೂಪಕ್ಕೆ ಅಪ್ಪ. ಊರೊಳಗಿನ ಓಡಾಟವೇ ಜಾಸ್ತಿ. ಮಾವನ ಮನೆ ಪುತ್ತೂರು, ಹಾಗಾಗಿ ಮಡಿಕೇರಿ ಮೇಲೆ ಸಂಪಾಜೆ ಘಾಟಿ ಇಳಿಯುವುದು ತಪ್ಪುವುದಿಲ್ಲ. ಗೇರ್ ಹಾಕುವ ರಗಳೆ ಬೇಡ ಅಂತಲೇ ಆಟೋಮ್ಯಾಟಿಕ್ ತೆಗೆದುಕೊಳ್ಳುವುದು. ಅದರಲ್ಲಿ ಮತ್ತೆ ಗೇರ್ ಹಾಕುವುದಕ್ಕೆ ಯಾಕೆ ದುಡ್ಡು ಕೊಡಬೇಕು? ಬಳಸಿದವರು ಹೇಳಿ.

ರಿಂಗ್‌ರೋಡ್ ರಾಯ (ಬೆಂಗಳೂರು)

ಕೊಡಬೇಡಿ. ನನ್ನ ಗಾಡಿಯಲ್ಲಿ ಪ್ಯಾಡಲ್ ಇದೆ. ಗಾಡಿ ನಿಂತಾಗ ಮಗಳು ಡ್ರೈವರ್ ಸೀಟಿನಲ್ಲಿ ಕೂತು ಟಕ್ ಟಕ್ ಅನ್ನಿಸುತ್ತಾಳೆ, ಅಷ್ಟೇ ಅದರ ಉಪಯೋಗ. ಕೆ.ಆರ್. ಪುರದಿಂದ ಸಿಲ್ಕ್ ಬೋರ್ಡ್ ತನಕ ಯಾವ ಗೇರ್‌ನಲ್ಲಿ ಹೋದರೇನು? ಹೋಗುವುದೇ ಇಲ್ಲವಲ್ಲ! ಈಗಿನ ಗೇರ್‌ಬಾಕ್ಸ್ ಕಂಪ್ಯೂಟರ್ ನಮಗಿಂತ ಬೇಗ ಲೆಕ್ಕ ಹಾಕುತ್ತದೆ. ಆ ದುಡ್ಡಿಗೆ ಒಳ್ಳೆ ಟೈರ್ ಹಾಕಿಸಿ.

ಘಾಟಿ ತಿರುಗುವವ (ಕೊಪ್ಪ)

ರಾಯರೇ, ರಿಂಗ್ ರೋಡಿನ ಮಟ್ಟಿಗೆ ನೀವು ಹೇಳೋದು ಸರಿ. ಆದರೆ ಕೇಳಿದವರು ಸಂಪಾಜೆ ಇಳಿಯುವವರು.

ಡಿ ಮೋಡ್ (ಡ್ರೈವ್, ಗೇರನ್ನು ಗಾಡಿಯೇ ಹಾಕಿಕೊಳ್ಳುವುದು) ಹೇಗೆ ಯೋಚಿಸುತ್ತದೆ ನೋಡಿ. ನೀವು ಆಕ್ಸಿಲರೇಟರ್‌ನಿಂದ ಕಾಲು ತೆಗೆದಿರಿ. "ಇವರಿಗೆ ಪವರ್ ಬೇಡ, ಪೆಟ್ರೋಲ್ ಉಳಿಸೋಣ" ಎಂದು ಅದು ಮೇಲಿನ ಗೇರ್‌ಗೆ ಹೋಗುತ್ತದೆ. ಸಪಾಟು ರಸ್ತೆಯಲ್ಲಿ ಇದು ಬುದ್ಧಿವಂತಿಕೆ. ಇಳಿಜಾರಿನಲ್ಲಿ ಇದೇ ತಾಪತ್ರಯ. ನಾಲ್ಕನೇ, ಐದನೇ ಗೇರ್‌ನಲ್ಲಿ ಎಂಜಿನ್ ಗಾಡಿಯನ್ನು ಹಿಡಿಯುವುದೇ ಇಲ್ಲ, ಗಾಡಿ ತನ್ನಷ್ಟಕ್ಕೆ ಓಡುತ್ತದೆ. ಹಿಡಿಯುವ ಕೆಲಸವೆಲ್ಲ ಬ್ರೇಕ್ ಮೇಲೆ ಬೀಳುತ್ತದೆ. ಮ್ಯಾನುವಲ್ ಮೋಡಿಗೆ ಹಾಕಿ ಎರಡನೇ ಗೇರ್‌ನಲ್ಲಿ ಬಿಟ್ಟರೆ ಎಂಜಿನ್ನೇ ಗಾಡಿಯನ್ನು ಹಿಂದಕ್ಕೆ ಎಳೆದು ಹಿಡಿಯುತ್ತದೆ. ಬ್ರೇಕ್ ತಿರುವಿನಲ್ಲಿ ಮಾತ್ರ ಸಾಕು.

ಹತ್ತುವಾಗಲೂ ಉಪಯೋಗ ಇದೆ, ಸ್ವಲ್ಪ ಕಡಿಮೆ. ಆಗುಂಬೆಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ಪ್ರತಿ ತಿರುವಿಗೂ ಕಾಲು ಎತ್ತುತ್ತೀರಿ, ಗೇರ್ ಮೇಲೆ ಹೋಗುತ್ತದೆ. ತಿರುವು ಮುಗಿಸಿ ಒತ್ತುತ್ತೀರಿ, ಮತ್ತೆ ಕೆಳಗೆ ಬರುತ್ತದೆ. ಎರಡು, ಮೂರು, ಎರಡು, ಮೂರು ಅಂತ ಅದು ಒದ್ದಾಡುತ್ತಲೇ ಇರುತ್ತದೆ. ಎರಡರಲ್ಲಿ ಕಟ್ಟಿಹಾಕಿದರೆ ನೆಮ್ಮದಿ. ಹಿಂದೆ ಕೂತವರಿಗೆ ವಾಂತಿಯೂ ಕಡಿಮೆ.

ರಿಂಗ್‌ರೋಡ್ ರಾಯ (ಬೆಂಗಳೂರು)

ಬ್ರೇಕ್ ಇರುವುದೇ ಗಾಡಿ ನಿಲ್ಲಿಸಲಿಕ್ಕೆ, ಎಂಜಿನ್ ಇರುವುದು ಓಡಿಸಲಿಕ್ಕೆ. ಬ್ರೇಕ್ ಪ್ಯಾಡ್ ಸವೆದರೆ ಕೆಲವು ಸಾವಿರದಲ್ಲಿ ಹೊಸದು ಬರುತ್ತದೆ. ಎಂಜಿನ್ನು, ಗೇರ್‌ಬಾಕ್ಸು ಕೆಟ್ಟರೆ ಲಕ್ಷ. ಅಗ್ಗದ್ದನ್ನು ಉಳಿಸಲು ದುಬಾರಿಯದನ್ನು ಸವೆಸುವುದು ಯಾವ ಲೆಕ್ಕ ಸ್ವಾಮಿ?

ಪಾನಾ ಭಟ್ರು (ಸುಳ್ಯ)

ನಮ್ಮದು ಸುಳ್ಯದಲ್ಲಿ ಗ್ಯಾರೇಜ್. ಘಾಟಿ ಇಳಿದು "ಬ್ರೇಕ್ ಹಿಡಿಯುವುದಿಲ್ಲ" ಎಂದು ಬರುವವರು ಮೊದಲು ನಿಲ್ಲಿಸುವುದೇ ನಮ್ಮ ಸಾಲಿನ ಅಂಗಡಿಗಳ ಮುಂದೆ. ರಾಯರೇ, ಇಲ್ಲಿ ಪ್ಯಾಡಿನ ರೇಟಿನ ಪ್ರಶ್ನೆಯೇ ಇಲ್ಲ ಮಾರಾಯ್ರೇ. ಪ್ರಶ್ನೆ ಬಿಸಿಯದ್ದು.

ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿ ಉಂಟು. ಸಂಪಾಜೆಗೆ ಬರುವಷ್ಟರಲ್ಲಿ ಸುಮಾರು 900 ಮೀಟರ್ ಇಳಿದಿರುತ್ತೀರಿ. ಜನ, ಲಗೇಜು ಸೇರಿ ಗಾಡಿ 1,400 ಕಿಲೋ ಅಂದುಕೊಳ್ಳಿ. ಪಿಯುಸಿ ಲೆಕ್ಕ ಹಾಕಿದರೆ 12 ಮೆಗಾಜೂಲ್ ಮೇಲೆ ಬರುತ್ತದೆ. ಬಚ್ಚಲಿನ ಎರಡು ಕಿಲೋವ್ಯಾಟ್ ಗೀಸರ್ ಒಂದೂವರೆ ಗಂಟೆ ಬಿಡದೆ ಉರಿದರೂ ಇಷ್ಟು ಆಗುವುದಿಲ್ಲ. ಗಾಳಿ, ಟೈರು ತಿನ್ನುವುದನ್ನು ಕಳೆದರೂ ಅರ್ಧಕ್ಕಿಂತ ಜಾಸ್ತಿ ಉಳಿಯುತ್ತದೆ. ಅದೆಲ್ಲ ಎಲ್ಲಿಗೆ ಹೋಗಬೇಕು? ಡಿ ಮೋಡಿನಲ್ಲಿ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಬಂದರೆ ಮುಂದಿನ ಎರಡು ಡಿಸ್ಕಿಗೆ ಹೆಚ್ಚಿನ ಪಾಲು.

ಅಂಥ ಗಾಡಿಯ ಚಕ್ರ ಬಿಚ್ಚಿದರೆ ಡಿಸ್ಕಿನ ಮೇಲೆ ನೀಲಿ ನೀಲಿ ಬಣ್ಣದ ಕಲೆ ಕಾಣುತ್ತದೆ. ಪ್ಯಾಡಿನ ಮುಖ ಒರಟಾಗಿರಬೇಕು, ಅದು ಗಾಜಿನ ಹಾಗೆ ನುಣುಪಾಗಿರುತ್ತದೆ. ಉಗುರಿನಿಂದ ಕೆರೆದರೂ ಪುಡಿ ಬರುವುದಿಲ್ಲ. ಪ್ಯಾಡ್ ತುಂಬ ದಪ್ಪ ಇರುತ್ತದೆ, ಆದರೆ ಹಿಡಿಯುವುದಿಲ್ಲ.

ಇನ್ನೊಂದು, ಬ್ರೇಕ್ ಆಯಿಲ್. ಅದು ಗಾಳಿಯಲ್ಲಿರುವ ನೀರಿನ ಅಂಶ ಎಳೆದುಕೊಳ್ಳುತ್ತದೆ. ಡಾಟ್ 4 ದರ್ಜೆಯ ಆಯಿಲ್ ಅಂದರೆ ಹೊಸತಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯುವುದಿಲ್ಲ. ನೀರು ಸೇರಿದ ಮೇಲೆ ಆ ಮಿತಿ 155 ಡಿಗ್ರಿ. ಡಾಟ್ 3 ಆದರೆ 205 ಮತ್ತು 140. ಕುದ್ದರೆ ಪೈಪಿನಲ್ಲಿ ಆವಿ. ಆಯಿಲನ್ನು ಒತ್ತಿದರೆ ಒತ್ತಡ ಮುಂದೆ ಹೋಗುತ್ತದೆ, ಆವಿಯನ್ನು ಒತ್ತಿದರೆ ಅದು ಸುಮ್ನೆ ಕುಗ್ಗುತ್ತದೆ. ಪೆಡಲ್ ಮೆತ್ತಗಾಗಿ ನೆಲಕ್ಕೆ ತಾಗುತ್ತದೆ. ಆಯಿಲ್ ಬದಲಿಸಿ ಎಷ್ಟು ದಿನವಾಯಿತು ಎಂದು ಕೇಳಿದರೆ ಹೆಚ್ಚಿನವರು ಮುಖ ಮುಖ ನೋಡುತ್ತಾರೆ. ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಕರಾವಳಿಯಲ್ಲಿದ್ದರೆ ಮುಂದೆ ಹಾಕಲೇಬೇಡಿ.

ಬಿಸಿಯಾದ ಡಿಸ್ಕಿಗೆ ಬಾಟಲಿಯಿಂದ ನೀರು ಹಾಕುವವರೂ ಇದ್ದಾರೆ. ದಯವಿಟ್ಟು ಹಾಕಬೇಡಿ. ಡಿಸ್ಕ್ ಸೊಟ್ಟಗಾಗುತ್ತದೆ, ಬಿರುಕೂ ಬಿಡಬಹುದು. ಸುಮ್ಮನೆ ನಿಲ್ಲಿಸಿ ಚಹಾ ಕುಡಿಯಿರಿ.

ಸುಮ್ನೆ ಓದುಗ

ಭಟ್ರೇ, ಇದನ್ನು ಓದಿ ಎದ್ದು ಹೋಗಿ ಸರ್ವಿಸ್ ಬುಕ್ ನೋಡಿ ಬಂದೆ. ಇರಲಿ. ಇಳಿಯುವಾಗ ಎಷ್ಟನೇ ಗೇರ್ ಅಂತ ಹೇಗೆ ಗೊತ್ತಾಗುತ್ತದೆ? ಮತ್ತೆ ಎಂಜಿನ್ ಅಷ್ಟು ಕೂಗುತ್ತದಲ್ಲ, ಪೆಟ್ರೋಲ್ ಕುಡಿಯುವುದಿಲ್ಲವಾ?

ಘಾಟಿ ತಿರುಗುವವ (ಕೊಪ್ಪ)

ಹಳೇ ಲಾರಿ ಡ್ರೈವರುಗಳ ಲೆಕ್ಕ ಇದೆಯಲ್ಲ, ಯಾವ ಗೇರ್‌ನಲ್ಲಿ ಹತ್ತುತ್ತೀರೋ ಅದೇ ಗೇರ್‌ನಲ್ಲಿ ಇಳಿಯಿರಿ ಅಂತ. ಈಗಿನ ಆರು ಗೇರಿನ ಆಟೋಮ್ಯಾಟಿಕ್‌ಗೂ ಅದು ಹೆಚ್ಚುಕಡಿಮೆ ಸರಿ. ಸಂಪಾಜೆ, ಶಿರಾಡಿಯಂಥ ಅಗಲ ರಸ್ತೆಗೆ ಮೂರು, ತಿರುವಿಗೆ ಎರಡು. ಆಗುಂಬೆಗೆ ಎರಡು. ಮಸಿನಗುಡಿ ಮತ್ತು ಊಟಿ ನಡುವಿನ ಕಲ್ಲಟ್ಟಿ ಘಾಟಿಯಲ್ಲಿ 36 ಹೇರ್‌ಪಿನ್ ಇವೆ, ಅಲ್ಲಿ ಒಂದು ಅಥವಾ ಎರಡು. ಅಲ್ಲಿ ಪ್ರವಾಸಿಗರ ಗಾಡಿಯನ್ನು ಇಳಿಯಲು ಬಿಡದೆ ಹತ್ತಲು ಮಾತ್ರ ಬಿಡುತ್ತಿದ್ದದ್ದೂ ಬ್ರೇಕ್ ಫೇಲ್ ಆಗಿ ಬಿದ್ದ ಗಾಡಿಗಳ ಕಾರಣಕ್ಕೇ.

ಪರೀಕ್ಷೆ ಸುಲಭ. ಪದೇ ಪದೇ ಬ್ರೇಕ್ ಒತ್ತುವಂತಾಗುತ್ತಿದ್ದರೆ ಒಂದು ಗೇರ್ ಕೆಳಗೆ ಇಳಿಸಿ. ಆಕ್ಸಿಲರೇಟರ್ ಒತ್ತಬೇಕಾಗುತ್ತಿದ್ದರೆ ಒಂದು ಮೇಲೆ ಹಾಕಿ. ಇಳಿಜಾರು ಶುರುವಾಗುವ ಮೊದಲೇ ಹಾಕಿಕೊಂಡರೆ ಒಳ್ಳೆಯದು, ವೇಗ ಏರಿದ ಮೇಲೆ ಕೇಳಿದರೆ ಗೇರ್‌ಬಾಕ್ಸ್ ಕೊಡುವುದಿಲ್ಲ.

ಪೆಟ್ರೋಲ್ ವಿಷಯಕ್ಕೆ ಬಂದರೆ, ಗೇರ್‌ನಲ್ಲಿದ್ದು ಕಾಲು ಪೂರ್ತಿ ತೆಗೆದಾಗ ಇಂಜೆಕ್ಟರ್ ಬಂದ್ ಆಗುತ್ತದೆ. ಎಂಜಿನ್ನನ್ನು ತಿರುಗಿಸುತ್ತಿರೋದು ಚಕ್ರ, ಪೆಟ್ರೋಲ್ ಅಲ್ಲ. ಮೀಟರಿನಲ್ಲಿ ಆ ಕ್ಷಣದ ಮೈಲೇಜ್ ತೋರಿಸುವ ಗೆರೆ ನೋಡಿ, ತುದಿಗೆ ಹೋಗಿ ಅಂಟಿಕೊಂಡಿರುತ್ತದೆ. ಮೂರೂವರೆ ಸಾವಿರ ಆರ್‌ಪಿಎಂ ಕೇಳಿ ಹೆದರಬೇಡಿ. ಪೆಟ್ರೋಲ್ ಎಂಜಿನ್‌ಗೆ ಕೆಂಪು ಗೆರೆ ಶುರುವಾಗುವುದು ಆರು ಸಾವಿರದ ಆಸುಪಾಸಿನಲ್ಲಿ. ಹೆದರಿ ನ್ಯೂಟ್ರಲ್‌ಗೆ ಹಾಕುವವರು ಇದ್ದಾರಲ್ಲ, ಅವರು ನಿಜವಾಗಿ ಪೆಟ್ರೋಲ್ ಖರ್ಚು ಮಾಡುತ್ತಾರೆ. ಐಡ್ಲಿಂಗ್‌ಗೆ ಪೆಟ್ರೋಲ್ ಬೇಕೇ ಬೇಕು, ಹಿಡಿತವೂ ಇಲ್ಲ.

ಸ್ಟೇರಿಂಗ್ ಸಾವಿತ್ರಿ (ಬೆಂಗಳೂರು)

ಇಲ್ಲಿ ಎಲ್ಲರೂ ದೊಡ್ಡ ಗಾಡಿಯ ಮಾತಾಡುತ್ತಿದ್ದೀರಿ. ನಮ್ಮಂಥವರ ಎಎಂಟಿ ಬಗ್ಗೆ ಹೇಳುತ್ತೇನೆ. ನನ್ನ ಪ್ರಕಾರ ಮ್ಯಾನುವಲ್ ಮೋಡ್ ಅತಿ ಹೆಚ್ಚು ಬೇಕಾಗಿರುವುದೇ ಎಎಂಟಿಗೆ.

ಎಎಂಟಿ ಅಂದರೆ ಮಾಮೂಲಿ ಗೇರ್‌ಬಾಕ್ಸೇ, ಒಂದೇ ಕ್ಲಚ್. ನಮ್ಮ ಎಡಗಾಲು, ಎಡಗೈ ಮಾಡುವ ಕೆಲಸವನ್ನು ಒಂದು ಯಂತ್ರ ಮಾಡುತ್ತದೆ. 2014ರಲ್ಲಿ ಮಾರುತಿ ಸೆಲೆರಿಯೊ ಜೊತೆ ಇಲ್ಲಿ ಬಂದದ್ದು, ಆಮೇಲೆ ಎಲ್ಲ ಸಣ್ಣ ಗಾಡಿಗೂ ಹಬ್ಬಿತು. ಅಗ್ಗ, ಮೈಲೇಜ್ ಕೂಡ ಚೆನ್ನಾಗಿದೆ. ಆದರೆ ಗೇರ್ ಬದಲಾಗುವಾಗ ಕ್ಲಚ್ ಬಿಡಬೇಕು, ಗೇರ್ ಬೀಳಬೇಕು, ಕ್ಲಚ್ ಹಿಡಿಯಬೇಕು. ಅಷ್ಟು ಹೊತ್ತು ಚಕ್ರಕ್ಕೆ ಪವರ್ರೇ ಇಲ್ಲ.

ಹಾಸನ ರಸ್ತೆಯಲ್ಲಿ ಟ್ಯಾಂಕರ್ ಹಿಂದೆ ಐದನೇ ಗೇರ್‌ನಲ್ಲಿ ಹೋಗುತ್ತಿರುತ್ತೀರಿ. ಎದುರಿಗೆ ಜಾಗ ಸಿಕ್ಕಿತು ಅಂತ ಬಲಕ್ಕೆ ತೆಗೆದು ಒತ್ತುತ್ತೀರಿ. ಗಾಡಿ ಯೋಚನೆ ಮಾಡುತ್ತದೆ. ಟ್ಯಾಂಕರ್ ಪಕ್ಕದಲ್ಲಿ ನೇತಾಡಿಕೊಂಡು, ಎದುರು ಬಸ್ ಬರುತ್ತಿರುವಾಗ, ನಮ್ಮ ಗಾಡಿ ಯೋಚನೆ ಮಾಡುತ್ತಿದೆ! ಆ ಎರಡು ಸೆಕೆಂಡ್ ಅನುಭವಿಸಿದವರಿಗೇ ಗೊತ್ತು. ಈಗ ನಾನು ಟ್ಯಾಂಕರ್ ಹಿಂದಿರುವಾಗಲೇ ಎಂಗೆ (ಮ್ಯಾನುವಲ್ ಮೋಡಿಗೆ) ಹಾಕಿ ಮೂರಕ್ಕೆ ಇಳಿಸಿಕೊಳ್ಳುತ್ತೇನೆ. ಎಂಜಿನ್ ಸ್ವಲ್ಪ ಕೂಗುತ್ತಿರಲಿ. ಜಾಗ ಸಿಕ್ಕಾಗ ಗೇರ್ ಮೊದಲೇ ಸಿದ್ಧ, ಒತ್ತಿದ ತಕ್ಷಣ ಹೋಗುತ್ತದೆ. ದಾಟಿದ ಮೇಲೆ ಮತ್ತೆ ಡಿ.

ಟ್ರಾಫಿಕ್‌ನಲ್ಲಿ ಎಂ ಮುಟ್ಟುವುದೇ ಇಲ್ಲ. ಆ ವಿಷಯದಲ್ಲಿ ರಾಯರ ಪಕ್ಷ.

ಅಂದಹಾಗೆ ಎಎಂಟಿಯಲ್ಲಿ ಸಾಮಾನ್ಯವಾಗಿ ಪಿ (ಪಾರ್ಕಿಂಗ್) ಇರುವುದಿಲ್ಲ. ಇಳಿಜಾರಿನಲ್ಲಿ ನಿಲ್ಲಿಸುವಾಗ ನ್ಯೂಟ್ರಲ್‌ನಲ್ಲಿ ಬಿಟ್ಟು ಹೋಗಬೇಡಿ. ಗೇರ್‌ನಲ್ಲೇ ಇಟ್ಟು ಎಂಜಿನ್ ಆಫ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆಯಿರಿ. ಶೋರೂಮಿನಲ್ಲಿ ನನಗೆ ಇದನ್ನು ಯಾರೂ ಹೇಳಿರಲಿಲ್ಲ.

ಪಾನಾ ಭಟ್ರು (ಸುಳ್ಯ)

ಸಾವಿತ್ರಿಯಕ್ಕ ಹೇಳಿದ್ದು ನೂರಕ್ಕೆ ನೂರು.

ಗೇರ್‌ಬಾಕ್ಸ್ ಗುಂಡ (ಧಾರವಾಡ)

ಎಲ್ಲ ಆಟೋಮ್ಯಾಟಿಕ್ಕೂ ಒಂದೇ ಅಂತ ಮಾತಾಡಿದರೆ ಈ ಚರ್ಚೆ ಮುಗಿಯುವುದಿಲ್ಲರೀ. ಒಳಗೆ ಏನಿದೆ ಅನ್ನೋದರ ಮೇಲೆ ಉತ್ತರ.

ಟಾರ್ಕ್ ಕನ್ವರ್ಟರ್, ಅಂದರೆ ಕ್ಲಚ್ ಬದಲು ಎಣ್ಣೆಯ ಮೂಲಕ ಎಂಜಿನ್ನಿನ ಎಳೆತ ದಾಟಿಸುವ ಭಾಗ, ಇದ್ದರೆ (ಈಗಿನ ಬ್ರೆಝಾ, ಡೀಸೆಲ್ ಕ್ರೆಟಾ, ಥಾರ್ ಈ ಜಾತಿ) ನಿಜವಾದ ಆರು ಗೇರ್ ಇವೆ. ಇಳಿಜಾರಿಗೆ ಮ್ಯಾನುವಲ್ ಮೋಡ್ ಚೆನ್ನಾಗಿ ಕೆಲಸ ಮಾಡುತ್ತದೆ. ಓವರ್‌ಟೇಕ್‌ಗೆ ಅಷ್ಟೇನೂ ಬೇಕಾಗಿಲ್ಲ, ಪೂರ್ತಿ ಒತ್ತಿದರೆ ತಾನೇ ಕೆಳಗಿನ ಗೇರ್‌ಗೆ ಬರುತ್ತದೆ. ಡೀಸೆಲ್‌ನಲ್ಲಿ ಒಂದು ವ್ಯತ್ಯಾಸ ಇದೆ. ಪೆಟ್ರೋಲ್ ಎಂಜಿನ್ ಗಾಳಿ ಎಳೆಯುವ ದಾರಿಯನ್ನು ಥ್ರಾಟಲ್ ಮುಚ್ಚಿಬಿಡುತ್ತದೆ, ಹಾಗಾಗಿ ಕಾಲು ತೆಗೆದರೆ ಎಂಜಿನ್ ಗಟ್ಟಿ ಹಿಡಿಯುತ್ತದೆ. ಡೀಸೆಲ್‌ನಲ್ಲಿ ಗಾಳಿಯನ್ನು ಹಾಗೆ ಕಟ್ಟಿ ಓಡಿಸುವುದಿಲ್ಲ, ಹಿಡಿತ ಅದೇ ಆರ್‌ಪಿಎಂನಲ್ಲಿ ಕಡಿಮೆ. ಇನ್ನೊಂದು ಗೇರ್ ಕೆಳಗೆ ಬೇಕಾಗಬಹುದು.

ಡಿಸಿಟಿಗೆ ಎರಡು ಕ್ಲಚ್. ಮುಂದಿನ ಗೇರ್ ಮೊದಲೇ ಸಿದ್ಧವಾಗಿ ಕೂತಿರುತ್ತದೆ. ಪ್ಯಾಡಲ್ ಒತ್ತಿದಾಗ ಕೂಡಲೇ ಬದಲಾಗುವ ಮಜಾ ಸಿಗುವುದು ಇದರಲ್ಲಿ. ಅದೊಂದು ಚಟ, ಉಪಯೋಗ ಅನ್ನಲಾರೆ.

ಸಿವಿಟಿಯಲ್ಲಿ ಗೇರೇ ಇಲ್ಲ. ಎರಡು ಪುಲ್ಲಿ, ನಡುವೆ ಒಂದು ಸ್ಟೀಲ್ ಬೆಲ್ಟ್. "ಏಳು ಸ್ಪೀಡ್" ಅಂತ ತೋರಿಸುವುದು ಸಾಫ್ಟ್‌ವೇರ್‌ನ ನಾಟಕ.

ಇದೆಲ್ಲ ಶುರುವಾದದ್ದು ರೇಸಿನಿಂದ. 1989ರಲ್ಲಿ ಬ್ರೆಜಿಲ್ ಗ್ರ್ಯಾನ್ ಪ್ರಿಯಲ್ಲಿ ನೈಜೆಲ್ ಮ್ಯಾನ್ಸೆಲ್ ಫೆರಾರಿ 640 ಓಡಿಸಿ ಗೆದ್ದರು. ಸ್ಟೇರಿಂಗ್ ಹಿಂದಿನ ಪ್ಯಾಡಲ್‌ನಿಂದ ಗೇರ್ ಹಾಕುವ ಗಾಡಿ ಫಾರ್ಮುಲಾ ಒನ್‌ನಲ್ಲಿ ಓಡಿದ ಮೊದಲ ರೇಸೇ ಅದು. ಸುಮಾರು ಅದೇ ಹೊತ್ತಿಗೆ, 1990ರಲ್ಲಿ, ಪೋರ್ಷೆ 911ಕ್ಕೆ ಟಿಪ್‌ಟ್ರಾನಿಕ್ ಬಂತು. ಲಿವರ್ ಪಕ್ಕಕ್ಕೆ ತಳ್ಳಿ ಪ್ಲಸ್, ಮೈನಸ್ ಮಾಡುವ ವ್ಯವಸ್ಥೆ. ಮ್ಯಾನ್ಸೆಲ್ ಕೈಯಲ್ಲಿದ್ದ ಪ್ಯಾಡಲ್ಲಿಗೆ ಕೆಲಸ ಇತ್ತು, ಕೈ ಬಿಡದೆ ಗೇರ್ ಹಾಕಬೇಕಿತ್ತು. ತರಕಾರಿ ತರಲು ಹೋಗುವ ಗಾಡಿಗೆ ಅದು ಬಂದಾಗ ಕೆಲಸ ಹೋಗಿ ಅಲಂಕಾರ ಉಳಿಯಿತು. ಲಿವರಿನ ಮ್ಯಾನುವಲ್ ಮೋಡ್ ಬೇಕು, ಪ್ಯಾಡಲ್ ಬೇಡ, ಇದು ನನ್ನ ಮಾತು.

ಚಾರ್ಮಾಡಿ ಚಿಕ್ಕಿ (ಮೂಡಿಗೆರೆ)

ಗುಂಡಣ್ಣ, ನಾಟಕ ಅಂತ ಅಷ್ಟು ಹಗುರವಾಗಿ ಹೇಳಬೇಡಿ. ನಮ್ಮದು ಹೋಂಡಾ ಸಿಟಿ ಸಿವಿಟಿ, ಪ್ಯಾಡಲ್ ಇದೆ. ಚಾರ್ಮಾಡಿ ಇಳಿಯುವಾಗ ಎಡಗಡೆಯ ಪ್ಯಾಡಲ್ ಎರಡು ಸಲ ಒತ್ತಿದರೆ ಆ ಸ್ಟೀಲ್ ಬೆಲ್ಟು ಪುಲ್ಲಿಯ ಮೇಲೆ ಒಂದು ಜಾಗದಲ್ಲಿ ನಿಲ್ಲುತ್ತದೆ ಅಲ್ವಾ? ಆರ್‌ಪಿಎಂ ಏರುತ್ತದೆ, ಗಾಡಿ ಹಿಡಿಯುತ್ತದೆ. ಗೇರ್ ಸುಳ್ಳಿರಬಹುದು, ಹಿಡಿತ ಸುಳ್ಳಲ್ಲ. ಕೊಟ್ಟಿಗೆಹಾರದ ಮಂಜಿನಲ್ಲಿ ಮುಂದಿನ ಗಾಡಿಯ ದೀಪ ಬಿಟ್ಟು ಏನೂ ಕಾಣದಿರುವಾಗ ನನಗೆ ಅಷ್ಟು ಸಾಕು.

ಪ್ಯಾಡಲ್ ಇಲ್ಲದ ಸಿವಿಟಿಯಾದರೆ ಎಲ್ (ಲೋ) ಅಥವಾ ಎಸ್ (ಸ್ಪೋರ್ಟ್) ಇರುತ್ತದೆ. ಅದೂ ಆಗುತ್ತದೆ, ಆದರೆ ಅದರಲ್ಲಿ ಸ್ವಲ್ಪ ಬೇಕು, ಇನ್ನೂ ಸ್ವಲ್ಪ ಬೇಕು ಅಂತ ಕೇಳಲು ಬರುವುದಿಲ್ಲ.

ಗೇರ್‌ಬಾಕ್ಸ್ ಗುಂಡ (ಧಾರವಾಡ)

ಒಪ್ಪಿದೆ ಅಕ್ಕಾ. ಓವರ್‌ಟೇಕ್‌ಗೆ ಮಾತ್ರ ನಾಟಕ.

ಡೆನ್ವರ್ ದೇಸಾಯಿ (ಕೊಲೊರಾಡೊ)

ಇಲ್ಲಿ ಎಲ್ಲರದೂ ಆಟೋಮ್ಯಾಟಿಕ್, ಮ್ಯಾನುವಲ್ ಮೋಡ್ ಇದೆ ಅನ್ನೋದೇ ಅರ್ಧ ಜನಕ್ಕೆ ನೆನಪಿಲ್ಲ. ಆದರೆ ಪೈಕ್ಸ್ ಪೀಕ್ ಅಂತ 4,300 ಮೀಟರ್ ಎತ್ತರದ ಪರ್ವತ ಇದೆ, ತುದಿಯವರೆಗೂ ಗಾಡಿ ರಸ್ತೆ. ಊರಿಂದ ಬಂದವರನ್ನೆಲ್ಲ ಕರೆದುಕೊಂಡು ಹೋಗುವ ಜಾಗ. ಇಳಿಯುವಾಗ ಗ್ಲೆನ್ ಕೋವ್ ಎಂಬಲ್ಲಿ ರೇಂಜರ್‌ಗಳು ಪ್ರತಿ ಗಾಡಿಯನ್ನೂ ನಿಲ್ಲಿಸಿ, ಚಕ್ರದ ಕಡೆ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದು ಬ್ರೇಕ್ ಎಷ್ಟು ಬಿಸಿಯಾಗಿದೆ ನೋಡುತ್ತಾರೆ. ಜಾಸ್ತಿಯಾಗಿದ್ದರೆ ಪಕ್ಕಕ್ಕೆ ಹಾಕಿಸಿ ತಣ್ಣಗಾಗುವವರೆಗೆ ಬಿಡುವುದಿಲ್ಲ. "ಲೋ ಗೇರ್‌ನಲ್ಲಿ ಬಂದಿರಾ?" ಎಂಬ ಪ್ರಶ್ನೆ ಗ್ಯಾರಂಟಿ. ಅಮೇರಿಕದ ದೊಡ್ಡ ದೊಡ್ಡ ಎಸ್‌ಯುವಿಗಳು ಅಲ್ಲಿ ಸಾಲಾಗಿ ನಿಂತು ಬ್ರೇಕ್ ಆರಿಸಿಕೊಳ್ಳುತ್ತಿರುತ್ತವೆ. ನಮ್ಮ ಆಗುಂಬೆ ತಪ್ಪಲಲ್ಲಿ ಸೋಮೇಶ್ವರದ ಹತ್ತಿರ ಹೀಗೆ ಒಬ್ಬರನ್ನು ನಿಲ್ಲಿಸಿದರೆ ಹೇಗಿರುತ್ತದೆ ಅಂತ ಯೋಚನೆ ಬಂದಿತ್ತು.

ಪಾನಾ ಭಟ್ರು (ಸುಳ್ಯ)

ಬೇಡ ಮಾರಾಯ್ರೇ, ನಮ್ಮ ವ್ಯಾಪಾರ ಕೆಡುತ್ತದೆ.

ರಿಂಗ್‌ರೋಡ್ ರಾಯ (ಬೆಂಗಳೂರು)

ಸರಿ, ಇಳಿಜಾರಿನಲ್ಲಿ ಕೆಳಗಿನ ಗೇರ್ ಬೇಕು, ಒಪ್ಪೋಣ. ಆದರೆ ಅದನ್ನು ನಾನೇ ಯಾಕೆ ಹಾಕಬೇಕು? ಇಳಿಜಾರನ್ನು ಗುರುತಿಸಿ ಗೇರ್ ಹಿಡಿದಿಡುವ ಗೇರ್‌ಬಾಕ್ಸ್‌ಗಳು ಬಂದು ಕಾಲವಾಯಿತು. ಹೋಂಡಾದವರು ಅದಕ್ಕೆ ಗ್ರೇಡ್ ಲಾಜಿಕ್ ಅನ್ನುತ್ತಾರೆ, ಬೇರೆಯವರಲ್ಲೂ ಇದೆ. ಬ್ರೇಕ್ ಒಂದು ಸಲ ಗಟ್ಟಿಯಾಗಿ ಒತ್ತಿದರೆ ನನ್ನ ಗಾಡಿ ತಾನಾಗಿಯೇ ಒಂದು ಗೇರ್ ಇಳಿಸುತ್ತದೆ. ಮ್ಯಾನುವಲ್ ಮೋಡ್ ಅನ್ನೋದು ದಡ್ಡ ಗೇರ್‌ಬಾಕ್ಸ್‌ಗೆ ಊರುಗೋಲು. ಗೇರ್‌ಬಾಕ್ಸ್ ಜಾಣ ಆದಷ್ಟೂ ಊರುಗೋಲು ಬೇಡ.

ಘಾಟಿ ತಿರುಗುವವ (ಕೊಪ್ಪ)

ಇದು ನೀವು ಹೇಳಿದ್ದರಲ್ಲೇ ಒಳ್ಳೆ ಮಾತು. ಪೂರ್ತಿ ಅಲ್ಲಗಳೆಯಲಾರೆ. ಆದರೆ ಆ ಜಾಣತನಕ್ಕೆ ಕಣ್ಣಿಲ್ಲ. ಗಾಡಿ ಇಳಿಜಾರಿಗೆ ಬಾಗಿದ ಮೇಲೆ, ವೇಗ ಏರಿದ ಮೇಲೆ, ನೀವು ಬ್ರೇಕ್ ಒತ್ತಿದ ಮೇಲೆ ಅದಕ್ಕೆ ಗೊತ್ತಾಗುತ್ತದೆ. ಮುಂದಿನ ತಿರುವಿನಾಚೆ ರಸ್ತೆ ಇನ್ನೂ ಕಡಿದಾಗಿದೆ, ಬಸ್ ನಡುರಸ್ತೆಯಲ್ಲಿ ಬರುತ್ತಿದೆ, ಗುಡ್ಡದಿಂದ ಮಣ್ಣು ಜಾರಿದೆ, ಇದೆಲ್ಲ ನಮಗೆ ಮೊದಲೇ ಕಾಣುತ್ತದೆ. ಮ್ಯಾನುವಲ್ ಮೋಡ್ ಅಂದರೆ ನನಗೆ ಇಷ್ಟೇ, ಮುಂದೆ ಏನು ಬರುತ್ತಿದೆ ಅಂತ ಗೇರ್‌ಬಾಕ್ಸ್‌ಗೆ ಮೊದಲೇ ಹೇಳಿಡುವುದು. ಅದಕ್ಕಿಂತ ಬೇಗ ಗೇರ್ ಹಾಕುತ್ತೇನೆ ಅನ್ನುವ ಜಂಬ ನನಗಿಲ್ಲ.

ಮತ್ತೆ ಅದೇನೂ ನಮ್ಮ ಕೈಗೆ ಪೂರ್ತಿ ಕೊಡುವುದಿಲ್ಲ. ನೂರರ ವೇಗದಲ್ಲಿ ಒಂದನೇ ಗೇರ್ ಕೇಳಿದರೆ ಕೊಡದೆ ಪೀಂ ಅನ್ನುತ್ತದೆ. ಗಾಡಿ ನಿಧಾನವಾದರೆ ತಾನೇ ಕೆಳಗೆ ಬರುತ್ತದೆ. ಹೆಚ್ಚಿನ ಗಾಡಿಗಳಲ್ಲಿ ಕೆಂಪು ಗೆರೆ ಮುಟ್ಟಿದರೆ ತಾನೇ ಮೇಲೆ ಹೋಗುತ್ತದೆ. ಹಾಗಾಗಿ "ಎಂಜಿನ್ ಹಾಳಾಗುತ್ತೆ" ಅನ್ನೋ ಭಯ ಬಿಡಿ.

ವೋಲ್ಟೇಜ್ ವಾಸು (ಮಂಗಳೂರು)

ಇವಿಯವರ (ಎಲೆಕ್ಟ್ರಿಕ್ ಗಾಡಿಯವರ) ಮಾತೂ ಇರಲಿ. ನಮಗೆ ಗೇರ್ ಇಲ್ಲ, ಆದರೂ ಪ್ಯಾಡಲ್ ಇದೆ! 2023ರ ನೆಕ್ಸಾನ್ ಇವಿ ಇರಲಿ, ಐಯೋನಿಕ್ 5 ಇರಲಿ, ಪ್ಯಾಡಲ್ ಒತ್ತಿದರೆ ರೀಜನ್, ಅಂದರೆ ಮೋಟರ್ ಗಾಡಿಯನ್ನು ಹಿಡಿದು ಕರೆಂಟ್ ಮಾಡುವುದು, ಜಾಸ್ತಿ ಕಡಿಮೆ ಆಗುತ್ತದೆ. ಪ್ಯಾಡಲ್‌ಗೆ ನಿಜವಾದ ಉದ್ಯೋಗ ಸಿಕ್ಕಿದ್ದು ಇಲ್ಲೇ ಅಂತ ನನ್ನ ಅಭಿಪ್ರಾಯ. ಘಾಟಿ ಇಳಿಯುವಾಗ ಬ್ರೇಕ್‌ಗೆ ಹೋಗುತ್ತಿದ್ದ ಬಿಸಿ ಬ್ಯಾಟರಿಗೆ ಚಾರ್ಜ್ ಆಗಿ ಬರುತ್ತದೆ.

ಆದರೆ ಮಡಿಕೇರಿಯಲ್ಲಿ ರಾತ್ರಿಯೆಲ್ಲ ಹಾಕಿ 100 ಪರ್ಸೆಂಟ್ ಮಾಡಿಕೊಂಡು ಬೆಳಿಗ್ಗೆ ಇಳಿಯಬೇಡಿ. ತುಂಬಿದ ಬ್ಯಾಟರಿಗೆ ಚಾರ್ಜ್ ಹೋಗಲು ಜಾಗ ಇರುವುದಿಲ್ಲ, ರೀಜನ್ ಕೈ ಕೊಡುತ್ತದೆ. 85 ಅಥವಾ 90ಕ್ಕೆ ನಿಲ್ಲಿಸಿ. ಟೊಯೊಟಾ ಹೈರೈಡರ್‌ನಂಥ ಸ್ಟ್ರಾಂಗ್ ಹೈಬ್ರಿಡ್‌ನವರಿಗೆ ಬಿ ಎಂಬ ಸ್ಥಾನ ಇದೆ. ಬ್ಯಾಟರಿ ತುಂಬಿದ ಮೇಲೂ ಅದು ಎಂಜಿನ್ನನ್ನು ತಿರುಗಿಸಿ ಗಾಡಿ ಹಿಡಿಯುತ್ತದೆ. ಉದ್ದದ ಇಳಿಜಾರಿಗೆ ಅಂತಲೇ ಇರುವುದು, ಊರೊಳಗೆ ಹಾಕಿಕೊಂಡು ತಿರುಗಬೇಡಿ.

ಬಿಡದಿ ಬ್ರೇಕ್

ಡಿಸಿಟಿಯವರಿಗೆ ಒಂದು ಮಾತು. ಡ್ರೈ ಕ್ಲಚ್ (ಎಣ್ಣೆಯಲ್ಲಿ ಮುಳುಗಿರದ ಕ್ಲಚ್) ಇರುವ ಡಿಸಿಟಿ ಟ್ರಾಫಿಕ್‌ನಲ್ಲಿ ಬಿಸಿಯಾಗುತ್ತದೆ. ಇಂಚು ಇಂಚು ತೆವಳುವಾಗ ಕ್ಲಚ್ ಅರ್ಧ ಹಿಡಿದು ಅರ್ಧ ಬಿಟ್ಟು ಜಾರುತ್ತಿರುತ್ತದೆ. ಡಿಯಲ್ಲಿ ಒಂದರಿಂದ ಎರಡಕ್ಕೆ ಬೇಗ ಹೋಗಿ ಮತ್ತೆ ವಾಪಸ್ ಬರುತ್ತಾ ಇರುತ್ತದೆ. ನಾನು ಅಂಥ ಕಡೆ ಎಂಗೆ ಹಾಕಿ ಒಂದರಲ್ಲೇ ಇಡುತ್ತೇನೆ. ಅದಕ್ಕಿಂತ ಮುಖ್ಯ, ಮುಂದೆ ಎರಡು ಗಾಡಿಯಷ್ಟು ಜಾಗ ಆಗುವವರೆಗೆ ಕಾದು ಒಮ್ಮೆಲೇ ಹೋಗುವುದು. ಹಿಂದಿನವರು ಹಾರ್ನ್ ಹೊಡೆಯುತ್ತಾರೆ, ಆ ಜಾಗಕ್ಕೆ ಆಟೋ ನುಗ್ಗುತ್ತದೆ. ನುಗ್ಗಲಿ ಬಿಡಿ.

ರಿಂಗ್‌ರೋಡ್ ರಾಯ (ಬೆಂಗಳೂರು)

ಬೆಂಗಳೂರಿನಲ್ಲಿ ಎರಡು ಗಾಡಿಯಷ್ಟು ಜಾಗ ಬಿಟ್ಟರೆ ಅಲ್ಲಿ ಅಪಾರ್ಟ್‌ಮೆಂಟ್ ಕಟ್ಟುತ್ತಾರೆ ಗುರೂ.

ತೋಟದ ಗೇಟು (ತೀರ್ಥಹಳ್ಳಿ)

ಯಾರೂ ಹೇಳದ್ದು ಒಂದು ಉಳಿದಿದೆ, ಕೆಸರು. ಮಳೆಗಾಲದಲ್ಲಿ ಅಡಿಕೆ ತೋಟದ ಏರು ದಾರಿ ಹತ್ತುವಾಗ ಡಿಯಲ್ಲಿ ಒಂದನೇ ಗೇರ್‌ನ ಎಳೆತ ಜಾಸ್ತಿಯಾಗಿ ಚಕ್ರ ನಿಂತಲ್ಲೇ ಗಿರಗಿರ ತಿರುಗುತ್ತದೆ. ನಮ್ಮ ಗಾಡಿಯಲ್ಲಿ ಎಂಗೆ ಹಾಕಿ ಎರಡರಲ್ಲಿ ಹೊರಡಲು ಬಿಡುತ್ತದೆ. ನಿಧಾನಕ್ಕೆ ಹಿಡಿದುಕೊಂಡು ಹತ್ತುತ್ತದೆ. ಎಲ್ಲ ಗಾಡಿಯಲ್ಲಿ ಬಿಡುವುದಿಲ್ಲ, ನಿಮ್ಮ ಪುಸ್ತಕ ನೋಡಿಕೊಳ್ಳಿ.

ಹಾಗೇ ಮಳೆಯಲ್ಲಿ ಇಳಿಯುವಾಗ ನಾಲ್ಕರಿಂದ ಎರಡಕ್ಕೆ ಟಪಟಪ ಅಂತ ಇಳಿಸಬೇಡಿ. ಹೆಚ್ಚಿನ ಕಾರುಗಳಲ್ಲಿ ಎಂಜಿನ್ ಹಿಡಿಯುವುದು ಮುಂದಿನ ಎರಡು ಚಕ್ರವನ್ನು ಮಾತ್ರ. ಪಾಚಿ ಕಟ್ಟಿದ ರಸ್ತೆಯಲ್ಲಿ ಅವೆರಡು ಜಾರಿದರೆ ಸ್ಟೇರಿಂಗ್ ತಿರುಗಿಸಿದ ಕಡೆ ಗಾಡಿ ಹೋಗುವುದಿಲ್ಲ. ಒಂದೊಂದೇ ಇಳಿಸಿ.

ಹಳೇ ಅಂಬಾಸಿಡರ್ (ಶಿವಮೊಗ್ಗ)

ನನಗೆ ವಯಸ್ಸು ಎಪ್ಪತ್ತು ದಾಟಿದೆ, ಮಗ ಆಟೋಮ್ಯಾಟಿಕ್ ಕೊಡಿಸಿದ್ದಾನೆ. ಪ್ರಶ್ನೆ ಕೇಳಿದವರ ತಂದೆಯವರೂ ಓಡಿಸುತ್ತಾರೆ ಎಂದಿದ್ದರಿಂದ ಬರೆಯುತ್ತಿದ್ದೇನೆ. ನಮ್ಮ ಕಾಲದವರಿಗೆ ಲಿವರ್ ಮೇಲೆ ಕೈ ಇಟ್ಟುಕೊಂಡು ಓಡಿಸುವ ರೂಢಿ. ಕೆಲವು ಗಾಡಿಗಳಲ್ಲಿ ಡಿ ಪಕ್ಕದಲ್ಲೇ ಎಂ ಇರುತ್ತದೆ. ಕೈ ತಾಗಿ ಪಕ್ಕಕ್ಕೆ ಜಾರಿದರೆ ಗೊತ್ತೇ ಆಗುವುದಿಲ್ಲ. ಎಂಜಿನ್ ಅರಚುತ್ತದೆ, ಗಾಡಿ ಮುಂದೆ ಓಡುವುದಿಲ್ಲ, ಏನೋ ಕೆಟ್ಟಿದೆ ಅಂತ ಎದೆ ಧಸಕ್ ಅನ್ನುತ್ತದೆ. ಮೀಟರಿನಲ್ಲಿ ಡಿ ಅನ್ನುವ ಅಕ್ಷರ ಹೋಗಿ ಬರೀ ಅಂಕಿ ಅಥವಾ ಎಂ ಕಾಣುತ್ತಿದ್ದರೆ ಲಿವರನ್ನು ವಾಪಸ್ ಎಳೆದರಾಯಿತು. ಇದೊಂದನ್ನು ತಂದೆಯವರಿಗೆ ಗಾಡಿ ನಿಂತಿರುವಾಗಲೇ ತೋರಿಸಿಡಿ.

ಕುವೆಂಪುನಗರ_ಕಾರು (ಮೈಸೂರು)

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಷ್ಟು ಬರುತ್ತದೆ ಅಂದುಕೊಂಡಿರಲಿಲ್ಲ. ನಾವು ನೋಡಿದ್ದು ಟಾರ್ಕ್ ಕನ್ವರ್ಟರ್ ಗಾಡಿ. ಗುಂಡ ಅವರು ಹೇಳಿದ ಪ್ರಕಾರ ಮಧ್ಯದ ವೇರಿಯಂಟ್ ಸಾಕು ಅನ್ನಿಸುತ್ತಿದೆ, ಲಿವರಿನಲ್ಲಿ ಮ್ಯಾನುವಲ್ ಇದೆಯಲ್ಲ. ಆದರೆ ಹೆಂಡತಿಗೆ ಪ್ಯಾಡಲ್ ಇದ್ದರೆ ಸ್ಟೇರಿಂಗ್‌ನಿಂದ ಕೈ ತೆಗೆಯುವುದು ಬೇಡ, ಅದೇ ಸುರಕ್ಷಿತ ಅಂತ ಅನುಮಾನ. ಏನಂತೀರಿ?

ಗೇರ್‌ಬಾಕ್ಸ್ ಗುಂಡ (ಧಾರವಾಡ)

ನೆಟ್ಟಗಿನ ರಸ್ತೆಯಲ್ಲಿ ಅವರು ಹೇಳಿದ್ದು ಸರಿ. ಆದರೆ ಹೆಚ್ಚಿನ ಗಾಡಿಗಳಲ್ಲಿ ಪ್ಯಾಡಲ್ ಸ್ಟೇರಿಂಗ್ ಜೊತೆಗೇ ತಿರುಗುತ್ತದೆ. ಹೇರ್‌ಪಿನ್‌ನಲ್ಲಿ ಸ್ಟೇರಿಂಗ್ ಒಂದು ಸುತ್ತು ತಿರುಗಿಸಿದಾಗ ಪ್ಲಸ್ ಎಲ್ಲಿ, ಮೈನಸ್ ಎಲ್ಲಿ ಅಂತ ಹುಡುಕಬೇಕು. ಲಿವರ್ ಇದ್ದಲ್ಲೇ ಇರುತ್ತದೆ. ಹೇಗಿದ್ದರೂ ತಿರುವಿಗೆ ಮೊದಲೇ ಗೇರ್ ಹಾಕಿಕೊಳ್ಳಬೇಕು, ಆಗ ಎರಡೂ ಒಂದೇ.

ಇನ್ನೊಂದು ಗಮನಿಸಿ. ಕೆಲವು ಗಾಡಿಗಳಲ್ಲಿ ಲಿವರ್ ಡಿಯಲ್ಲೇ ಇದ್ದು ಪ್ಯಾಡಲ್ ಮಾತ್ರ ಒತ್ತಿದರೆ ಅದು ತಾತ್ಕಾಲಿಕ. ಸ್ವಲ್ಪ ಹೊತ್ತಿನ ಮೇಲೆ ಕೇಳದೆ ಆಟೋಮ್ಯಾಟಿಕ್‌ಗೆ ವಾಪಸ್ ಹೋಗಿಬಿಡುತ್ತದೆ. ಉದ್ದದ ಇಳಿಜಾರಿಗೆ ಲಿವರನ್ನೇ ಎಂಗೆ ಅಥವಾ ಎಸ್‌ಗೆ ಹಾಕಿ.

ಸ್ಟೇರಿಂಗ್ ಸಾವಿತ್ರಿ (ಬೆಂಗಳೂರು)

ಟೆಸ್ಟ್ ಡ್ರೈವ್‌ಗೆ ಇಬ್ಬರೂ ಹೋಗಿ. ಶೋರೂಮ್ ಸುತ್ತ ಒಂದು ರೌಂಡ್ ಹೊಡೆದು ಬರಬೇಡಿ. ಮೈಸೂರಿನಲ್ಲಿದ್ದೀರಿ, ಚಾಮುಂಡಿ ಬೆಟ್ಟ ಪಕ್ಕದಲ್ಲೇ ಇದೆ. ಹತ್ತುವಾಗ ಡಿಯಲ್ಲಿ ಹತ್ತಿ, ಇಳಿಯುವಾಗ ಅರ್ಧ ದಾರಿ ಡಿಯಲ್ಲಿ, ಇನ್ನರ್ಧ ಎಂನಲ್ಲಿ ಎರಡನೇ ಗೇರ್ ಹಾಕಿ ಬನ್ನಿ. ಬ್ರೇಕ್ ಮೇಲೆ ಕಾಲು ಎಷ್ಟು ಸಲ ಹೋಗುತ್ತದೆ ನೀವೇ ನೋಡಿ.

ಕುವೆಂಪುನಗರ_ಕಾರು (ಮೈಸೂರು)

ಬೆಟ್ಟಕ್ಕೆ ಬಿಡುತ್ತಾರಾ?

ಸ್ಟೇರಿಂಗ್ ಸಾವಿತ್ರಿ (ಬೆಂಗಳೂರು)

ಗಾಡಿ ಮಾರಬೇಕಲ್ಲ, ಬಿಡುತ್ತಾರೆ. ಭಾನುವಾರ ಮತ್ತು ಆಷಾಢ ಶುಕ್ರವಾರ ಮಾತ್ರ ಬೇಡ.

ಹಳೇ ಅಂಬಾಸಿಡರ್ (ಶಿವಮೊಗ್ಗ)

ಹೊರಡುವ ಮೊದಲು ಲಿವರಿನ ಪಕ್ಕದ ಗುರುತು ಓದಿಕೊಳ್ಳಿ. ತುಂಬಾ ಗಾಡಿಗಳಲ್ಲಿ ಮುಂದಕ್ಕೆ ತಳ್ಳಿದರೆ ಮೇಲಿನ ಗೇರ್, ಹಿಂದಕ್ಕೆ ಎಳೆದರೆ ಕೆಳಗಿನದು. ಬಿಎಂಡಬ್ಲ್ಯುನಂಥವುಗಳಲ್ಲಿ ತಿರುಗುಮುರುಗು. ಇಳಿಜಾರಿನಲ್ಲಿ ಗೇರ್ ಇಳಿಸಲು ಹೋಗಿ ಏರಿಸಿಕೊಂಡರೆ ಗಾಡಿ ಮುಂದಕ್ಕೆ ಚಿಮ್ಮಿದ ಹಾಗಾಗುತ್ತದೆ.